ಕಂಟ್ರೋಲಿನ ರಕ್ತ

ಕಪಾಟಿನ ಮೇಲಿದ್ದ ಹಳೇ ಪೆಟ್ಟಿಗೆಯನ್ನು ಇಳಿಸಿ ಖಾಲಿ ಮಾಡುವಾಗ ಒಂದು ಫ್ಲಾಸ್ಕ್ ಸಿಕ್ಕಿತು. ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ಹಿಡಿದೆ. ಮೀನಿನ ವಾಸನೆ. ಹೆಂಡತಿಗೆ ಕೊಟ್ಟೆ, ಅವಳು ಮೂಸಿ ನೋಡಿ ಎಂತ ವಾಸನೆಯೂ ಇಲ್ಲ, ಬರೀ ಧೂಳು ಎಂದಳು. ಇಪ್ಪತ್ತೈದು ವರ್ಷ ದಾಟಿದ ಮೇಲೆ ಇರಲಿಕ್ಕೂ ಇಲ್ಲ, ಅವಳು ಹೇಳಿದ್ದೇ ಸರಿ ಇರಬಹುದು. ಆದರೆ ನನಗೆ ಬಂತು. ಅದರ ಬೆನ್ನಿಗೇ ಜೀಪಣ್ಣನೂ ಬಂದರು, ಖಾಕಿ ಅಂಗಿಯ ತೋಳು ಮಡಚಿಕೊಂಡು, ಗುಂಡು ಮುಖದ ತುಂಬ ನಗುತ್ತಾ…

ಅವರ ಬಗ್ಗೆ ಇಷ್ಟು ವರ್ಷ ನಾನು ಒಂದು ಸಾಲೂ ಬರೆದಿಲ್ಲ. ಬರೆಯಹೊರಟರೆ ನಾನು ಅವರಿಗೆ ಹೇಳಿದ ಒಂದು ಮಾತನ್ನೂ ಬರೆಯಬೇಕಾಗುತ್ತದೆ. ಆ ಮಾತೇ ಅವರ ಜೀವ ತೆಗೆಯಿತೆಂದು ನಾನು ತಿಳಿದಿದ್ದೇನೆ. ಓದಿದ ಮೇಲೆ ನೀವು ಬೇರೆ ಹೇಳಬಹುದು, ಹೇಳಿ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬದಿಯಡ್ಕದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಶಿಯನ್ ಆಗಿದ್ದೆ. ಲ್ಯಾಬ್ ಎಂದರೆ ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಕೈಯಲ್ಲಿ ತಿರುಗಿಸುವ ಸೆಂಟ್ರಿಫ್ಯೂಜ್, ಮನಸ್ಸು ಬಂದಾಗ ತಣ್ಣಗಾಗುವ ಒಂದು ಫ್ರಿಜ್ಜು. ಕೆಲಸದಲ್ಲಿ ಚುರುಕು, ಆದರೆ ಸಿಟ್ಟು ಮೂಗಿನ ತುದಿಯಲ್ಲಿ ಎಂಬುದು ನನಗೆ ಊರು ಕೊಟ್ಟ ಸರ್ಟಿಫಿಕೇಟು. ರಕ್ತ ಕೊಡುವಾಗ ಕೈ ಎಳೆದುಕೊಂಡವರನ್ನು ಗದರಿಸಿ ಕಳಿಸಿದ್ದೂ ಉಂಟು.

ಜೀಪಣ್ಣ ಬದಿಯಡ್ಕದಿಂದ ಪೆರ್ಲಕ್ಕೆ ಸರ್ವಿಸ್ ಜೀಪು ಓಡಿಸುತ್ತಿದ್ದರು. ಆರು ಜನ ಕೂರುವಲ್ಲಿ ಹದಿನಾರು ಜನರನ್ನು ತುಂಬಿಸಿ, ಇನ್ನೂ ಇಬ್ಬರಿಗೆ ಜಾಗ ಉಂಟೆಂದು ಕೂಗುವ ಜನ. ಅವರ “ಪೆರ್ಲ, ಪೆರ್ಲಾ…” ಎಂಬ ಕೂಗು ಕ್ಲಿನಿಕ್ಕಿನ ಒಳಗೆ ಕೂತ ನನ್ನ ಕಿವಿಗೂ ಬಡಿಯುತ್ತಿತ್ತು. ವಯಸ್ಸು ಐವತ್ತರ ಹತ್ತಿರ. ಮುಖ ಮಾತ್ರ ಮದುಮಗನ ಹಾಗೆ ತುಂಬಿಕೊಂಡು ಹೊಳೆಯುತ್ತಿತ್ತು. ನಾವೆಲ್ಲ ಅದನ್ನು ಆರೋಗ್ಯ ಎಂದುಕೊಂಡಿದ್ದೆವು.

ಅವರ ಜೀಪಿನಲ್ಲೇ ಒಮ್ಮೆ ಒಂದು ಮಗು ನಮ್ಮಲ್ಲಿಗೆ ಬಂತು. ಎಣ್ಮಕಜೆ ಕಡೆಯ ಮೂರು ವರ್ಷದ ಹೆಣ್ಣು. ತಾಯಿ ಗೇರುತೋಟದಲ್ಲಿ ಬೀಜ ಹೆಕ್ಕುವ ಕೆಲಸಕ್ಕೆ ಹೋಗುತ್ತಿದ್ದಳು. ಅವರ ಮನೆಯೂ ಜೀಪಣ್ಣನ ಮನೆಯೂ ಒಂದೇ ಗುಡ್ಡದ ಬುಡದಲ್ಲಿ. ಮಗುವಿನ ಕಾಲಿನಲ್ಲಿ, ಬಾಯಿಯಲ್ಲಿ ಹುಣ್ಣು. ಸಣ್ಣ ಗೀರು ಬಿದ್ದರೂ ತಿಂಗಳುಗಟ್ಟಲೆ ಮಾಯುತ್ತಿರಲಿಲ್ಲ. ನಾನು ರಕ್ತ ತೆಗೆದು ಬಿಳಿ ಕಣ ಲೆಕ್ಕ ಹಾಕಿದೆ. ಇರಬೇಕಾದದ್ದಕ್ಕಿಂತ ಆರೇಳು ಪಾಲು ಹೆಚ್ಚು. ತಪ್ಪಿತೆಂದು ಮತ್ತೆ ಎರಡು ಸಲ ಎಣಿಸಿದೆ, ಅಷ್ಟೇ ಬಂತು. ಇಷ್ಟು ಬಿಳಿ ಕಣ ಇರುವಾಗ ಹುಣ್ಣಿನಲ್ಲಿ ಕೀವು ತುಂಬಿರಬೇಕು. ಆ ಮಗುವಿನ ಹುಣ್ಣಿನಲ್ಲಿ ಒಂದು ಹನಿ ಕೀವೂ ಇರಲಿಲ್ಲ.

ಗುರುವಾರ ಗುರುವಾರ ನಮ್ಮಲ್ಲಿಗೆ ಮಂಗಳೂರಿನಿಂದ ಒಬ್ಬರು ಡಾಕ್ಟರ್ ಬರುತ್ತಿದ್ದರು. ಪೈವಳಿಕೆಯ ಕೊಂಕಣಿ ಕ್ರಿಶ್ಚಿಯನ್ ಮನೆಯವರು, ನಾವು ಡಾಕ್ಟರ್ ಬಾಯಿ ಎನ್ನುತ್ತಿದ್ದೆವು. ಆ ಮನೆಗಳ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುವುದು ನಮ್ಮ ಕಡೆಯ ರೂಢಿ. ಇವರ ಮಟ್ಟಿಗೆ ಆ ಪದದ ಇನ್ನೊಂದು ಅರ್ಥವೂ ಚೆನ್ನಾಗಿಯೇ ಹೊಂದುತ್ತಿತ್ತು, ಬೈಯಲಿಕ್ಕೆ ನಿಂತರೆ ನಾನೇ ಅವರ ಮುಂದೆ ತಣ್ಣಗಾಗುತ್ತಿದ್ದೆ. ಅವರು ಮಗುವನ್ನು ನೋಡಿ ತಾಯಿಗೆ ಕೇಳಿದ ಮೊದಲ ಪ್ರಶ್ನೆ, ಹುಟ್ಟಿದಾಗ ಹೊಕ್ಕುಳ ಬಳ್ಳಿ ಎಷ್ಟು ದಿನಕ್ಕೆ ಬಿದ್ದಿತ್ತೆಂದು. ತಾಯಿ ಯೋಚಿಸಿ, ಒಂದೂವರೆ ತಿಂಗಳಾಗಿತ್ತು, ಬಾಣಂತನಕ್ಕೆ ಬಂದ ಅಜ್ಜಿ ಗಾಬರಿಯಾಗಿದ್ದರು ಎಂದಳು. ಆ ಬಳ್ಳಿ ಉದುರಲಿಕ್ಕೂ ಬಿಳಿ ಕಣಗಳೇ ಅಲ್ಲಿಗೆ ಬರಬೇಕು ಎನ್ನುತ್ತಾ ಡಾಕ್ಟರ್ ಬಾಯಿ ನನ್ನ ಲೆಕ್ಕದ ಚೀಟಿ ಎಳೆದುಕೊಂಡರು.

ಅವರ ಅನುಮಾನ ಇದು. ಗಾಯವಾದಲ್ಲಿ ನಮ್ಮ ಮೈ ಒಂದು ಬಗೆಯ ಪ್ರೋಟೀನು ಹುಟ್ಟಿಸುತ್ತದೆ. ಅದು ಬಿಳಿ ಕಣಗಳಿಗೆ ಕರೆ. ಕರೆ ಸಿಕ್ಕಿದ ಕಣಗಳು ರಕ್ತನಾಳದ ಗೋಡೆ ಹಿಡಿದು, ನುಸುಳಿ, ಗಾಯಕ್ಕೆ ಓಡಿ ಬರುತ್ತವೆ. ಈ ಮಗುವಿನ ಕಣಗಳು ರಕ್ತದಲ್ಲೇ ಸುತ್ತುತ್ತಾ ಇವೆ, ಗಾಯಕ್ಕೆ ಬರುತ್ತಿಲ್ಲ. ಹಾಗಿದ್ದರೆ ಇರುವ ಮದ್ದು ಒಂದೇ, ಒಡಹುಟ್ಟಿದವರ ಅಸ್ಥಿಮಜ್ಜೆ. ಅದನ್ನು ಮಾಡುವ ಆಸ್ಪತ್ರೆ ದೂರದಲ್ಲಿತ್ತು. ಪರೀಕ್ಷೆಯ ಕಾಗದ ಇಲ್ಲದೆ ಮಗುವನ್ನು ಸೇರಿಸಿಕೊಳ್ಳಲು ಅಲ್ಲಿನವರು ಒಪ್ಪಿರಲಿಲ್ಲ. ಮಗುವನ್ನು ಮಂಗಳೂರಿಗೆ ಕರೆದೊಯ್ಯುವ ಹಾಗೂ ಇರಲಿಲ್ಲ. ಹಿಂದೊಮ್ಮೆ ಅಲ್ಲಿನ ವಾರ್ಡಿನಲ್ಲಿ ಹತ್ತಿದ ಸೋಂಕಿನಿಂದ ಅದು ಉಳಿದದ್ದೇ ಹೆಚ್ಚು, ತಾಯಿ ಇನ್ನು ಬರುವುದಿಲ್ಲ ಎಂದುಬಿಟ್ಟಿದ್ದಳು. ತೆಗೆದ ರಕ್ತವನ್ನು ಕೆಲವೇ ಗಂಟೆಗಳಲ್ಲಿ ಪರೀಕ್ಷಿಸಬೇಕು. ಕಡೆಗೆ ಡಾಕ್ಟರ್ ಬಾಯಿ ಪರೀಕ್ಷೆಯನ್ನೇ ಬದಿಯಡ್ಕಕ್ಕೆ ತಂದರು.

ತಂದದ್ದು ಹೆಬ್ಬೆರಳಿನಷ್ಟು ದೊಡ್ಡದಿಲ್ಲದ ಒಂದು ಬಾಟ್ಲಿ. ವಿದೇಶದಲ್ಲಿದ್ದ ಅವರ ಗೆಳತಿ ಕಳಿಸಿದ್ದು. ಕರೆಯುವ ಆ ಪ್ರೋಟೀನಿನ ಹೆಸರು ಇಂಟರ್‌ಲ್ಯೂಕಿನ್ ಎಂಟು. ಮನುಷ್ಯರದ್ದೇ ಜೀನನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ ಅದರಿಂದ ಮಾಡಿಸಿದ್ದಂತೆ. ನಾನು ಬೆಳಕಿಗೆ ಹಿಡಿದು ನೋಡಿದೆ, ಬಾಟ್ಲಿ ಖಾಲಿ ಇದ್ದ ಹಾಗಿತ್ತು. ಅಷ್ಟು ಕಡಿಮೆ. ಅದನ್ನು ಕರಗಿಸಿ ಮೂರು ಪಾಲು ಮಾಡಿ ನಮ್ಮ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟು, ಮುಂದಿನ ಗುರುವಾರದವರೆಗೆ ಇದು ನಿನ್ನ ಜವಾಬ್ದಾರಿ ಎಂದು ಹೇಳಿ ಅವರು ಬಸ್ಸು ಹತ್ತಿದರು.

ಮಗುವಿನ ರಕ್ತದ ಜೊತೆಗೆ ಆರೋಗ್ಯವಂತರೊಬ್ಬರ ರಕ್ತವನ್ನೂ ಅದೇ ಹೊತ್ತಿಗೆ ಪರೀಕ್ಷಿಸಬೇಕು. ಅದರ ಬಿಳಿ ಕಣಗಳು ಕರೆಗೆ ಓಡಬೇಕು, ಮಗುವಿನವು ಓಡಬಾರದು, ಆಗ ಮಾತ್ರ ಉತ್ತರ ನಿಜ. ಆ ಎರಡನೆಯ ರಕ್ತಕ್ಕೆ ಲ್ಯಾಬಿನ ಮಾತಿನಲ್ಲಿ ಕಂಟ್ರೋಲ್ ಎನ್ನುತ್ತಾರೆ. ಯಾರು ಕೊಡುತ್ತಾರೆ ಎಂದು ಹೊರಡುವ ಮೊದಲು ಡಾಕ್ಟರ್ ಬಾಯಿ ಕೇಳಿದಾಗ ಜೀಪಣ್ಣ ಬಾಗಿಲಲ್ಲೇ ಇದ್ದರು. ಅವರ ಕೆನ್ನೆ ನೋಡಿ ನಾನೇ ಕೈ ತೋರಿಸಿದೆ.

ಜೀಪಣ್ಣನಿಗೆ ಆ ಪದ ತುಂಬ ಹಿಡಿಸಿತು. ಕಂಟ್ರೋಲ್ ಎಂದರೆ ಅವರಿಗೆ ಗೊತ್ತಿದ್ದ ಅರ್ಥ ಒಂದೇ, ಇಳಿಜಾರಿನಲ್ಲಿ ಗಾಡಿ ಚರಂಡಿಗೆ ಬೀಳದ ಹಾಗೆ ಹಿಡಿಯುವುದು. ಮಗುವಿನ ಕಂಟ್ರೋಲ್ ತನ್ನ ಕೈಯಲ್ಲಿ ಉಂಟೆಂದು ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ಬಂದರು. ನಾನು ಅದಲ್ಲ ಅರ್ಥ ಎಂದು ವಿವರಿಸಲು ಹೋದೆ. ಆಮೇಲೆ ಯೋಚಿಸಿದರೆ ಅವರು ಹೇಳಿದ್ದೂ ಸರಿಯೇ, ಕಂಟ್ರೋಲ್ ತಪ್ಪಿದರೆ ಆ ಮಗುವಿನ ಗಾಡಿ ಬೀಳುವುದೇ.

ಡಾಕ್ಟರ್ ಬಾಯಿಗೆ ಅವರು ಒಂದು ಪ್ರಶ್ನೆ ಕೇಳಿದ್ದು ನೆನಪಿದೆ. “ಬಾಯಿ, ಆ ಬಿಳಿಯದ್ದಕ್ಕೆ ಕೂಗಿದ್ದು ಕೇಳುವುದೇ ಇಲ್ಲವಾ, ಅಲ್ಲ ಕೇಳಿದರೂ ಬರ್ಲಿಕ್ಕೆ ಆಗುವುದಿಲ್ಲವಾ?”

ಅವರು ಬೆರಗಾಗಿ ಜೀಪಣ್ಣನ ಮುಖ ನೋಡಿದರು. ತನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ಇದನ್ನು ಕೇಳಿಲ್ಲ ಎಂದರು. “ಕೇಳ್ತದೆ. ಜೀಪಿನ ಕಂಬಿ ಹಿಡ್ಕೊಳ್ಳಲಿಕ್ಕೆ ಕೈ ಇಲ್ಲ, ಅಷ್ಟೇ.”

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಹತ್ತು ಗಂಟೆ, ಹನ್ನೊಂದು ಗಂಟೆ… ಐಸ್ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕಲು ಸುರುವಾಯಿತು. ನಾನು ಫ್ಲಾಸ್ಕ್ ಹಿಡಿದು ಮೀನು ಮಾರ್ಕೆಟಿಗೆ ಓಡಿದೆ. ಬಂಗುಡೆಯ ಪೆಟ್ಟಿಗೆಯಿಂದ ಐಸ್ ಕುಟ್ಟಿ ಕೊಟ್ಟರು. ಮೂರು ಸಣ್ಣ ಟ್ಯೂಬುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗಿಟ್ಟೆ. ಸಂಜೆಗೆ ತೆರೆದರೆ ಐಸು ಮುಕ್ಕಾಲು ಕರಗಿತ್ತು. ಮತ್ತೆ ಓಡಿದೆ, ಮತ್ತೆ ತುಂಬಿಸಿದೆ. ಆ ನಡುವೆ ಎಷ್ಟು ಹೊತ್ತು ಬೆಚ್ಚಗಿತ್ತೋ ನನಗೆ ಗೊತ್ತಿರಲಿಲ್ಲ. ಡಾಕ್ಟರ್ ಬಾಯಿಗೆ ನಾನು ಹೇಳಲೂ ಇಲ್ಲ.

ಗುರುವಾರ ಮಗುವಿನ ಕೈ ಹಿಡಿದೆ. ಆ ಮೈಗೆ ಒಂದು ಸೂಜಿ ಚುಚ್ಚಿದರೆ ಅದೂ ಒಂದು ಹೊಸ ಹುಣ್ಣು. ತಾಯಿ ಮುಖ ತಿರುಗಿಸಿದಳು. ಜೀಪಣ್ಣ ಮಗುವಿನ ಕಿವಿಯ ಹತ್ತಿರ ಮೆಲ್ಲಗೆ “ಪೆರ್ಲ, ಪೆರ್ಲ” ಎಂದು ಕೂಗಿ ನಗಿಸಿದರು. ಆಮೇಲೆ ತಾವು ತೋಳು ಚಾಚಿದರು. ಕಣ ಬೇರ್ಪಡಿಸಿ, ತೂತುಗಳಿರುವ ತೆಳ್ಳನೆಯ ಹಾಳೆಯ ಮೇಲೆ ಹಾಕಿ, ಕೆಳಗೆ ಆ ಪ್ರೋಟೀನು ಇಟ್ಟು, ಬೆಚ್ಚನೆಯ ನೀರಿನ ಪಾತ್ರೆಯಲ್ಲಿ ಥರ್ಮಾಮೀಟರು ನೋಡುತ್ತಾ ಕಾದೆವು. ಹಾಳೆಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿಟ್ಟು ಡಾಕ್ಟರ್ ಬಾಯಿ ಬಗ್ಗಿದರು. ಮಗುವಿನ ಕಣಗಳು ಒಂದೂ ದಾಟಿರಲಿಲ್ಲ. ಜೀಪಣ್ಣನವು ಅಲ್ಲೊಂದು ಇಲ್ಲೊಂದು ದಾಟಿದ್ದವು, ಅಷ್ಟೇ.

“ಬಾಟ್ಲಿ ಸತ್ತಿದೆ,” ಎಂದರು ಡಾಕ್ಟರ್ ಬಾಯಿ. ಬೈಯಲಿಲ್ಲ. ಅವರು ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಹೊರಗೆ ತಾಯಿ ಮಗುವಿನ ಮೊಣಕೈ ಒಳಗೆ ಹತ್ತಿ ಒತ್ತಿ ಹಿಡಿದು ಕೂತಿದ್ದಳು. ಮುಂದಿನ ವಾರ ಇನ್ನೊಂದೇ ಸಲ, ಆಮೇಲೆ ಇಲ್ಲ ಎಂದಳು.

ಶುಕ್ರವಾರ ಬೆಳಿಗ್ಗೆ ನಾನು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದೆ. ಉಳಿದ ಎರಡು ಪಾಲಿನಲ್ಲಿ ಒಂದನ್ನು ತೆಗೆದು, ನನ್ನದೇ ತೋಳಿನಿಂದ ರಕ್ತ ಎಳೆದು, ಪರೀಕ್ಷೆಗೆ ಹಾಕಿದೆ. ಕಣ ಓಡದಿದ್ದರೆ ಮಗುವಿನ ಪರೀಕ್ಷೆಯ ಪ್ರೋಟೀನನ್ನು ನಾನೇ ಮೀನಿನ ಐಸಿನಲ್ಲಿ ಹಾಳು ಮಾಡಿದೆ ಎಂದು ಅರ್ಥ. ಹಾಳೆ ನೋಡಿದೆ. ಬಣ್ಣ ಹಿಡಿದ ಕಣಗಳು ಹಾಳೆಯ ಆಚೆ ಬದಿಯಲ್ಲಿ ಕಿಕ್ಕಿರಿದಿದ್ದವು. ಬಾಟ್ಲಿ ಸತ್ತಿರಲಿಲ್ಲ. ನಾನು ಸ್ಟೂಲಿನಲ್ಲಿ ಕೂತು ಒಬ್ಬನೇ ಅತ್ತೆ, ಹೇಳಲಿಕ್ಕೆ ನಾಚಿಕೆಯಿಲ್ಲ.

ಬೂತಿನಿಂದ ಮಂಗಳೂರಿಗೆ ಫೋನು ಮಾಡಿದೆ. ಡಾಕ್ಟರ್ ಬಾಯಿ ಎಲ್ಲ ಕೇಳಿದರು. ನಿನ್ನ ರಕ್ತವೇ ಸಾಕು, ಮುಂದಿನ ವಾರ ಮಗುವಿನದ್ದರ ಜೊತೆ ಅದನ್ನೇ ಹಾಕುವಾ ಎಂದರು. ಆಮೇಲೆ, ಜೀಪಿನವರು ಏನಾದರೂ ಮಾತ್ರೆ ತಗೊಳ್ತಾರಾ ಕೇಳು, ಕೇಳಿ ಇವತ್ತೇ ನನಗೆ ಹೇಳು ಎಂದರು. ಲೈನು ಕಡಿಯಿತು.

ಮಧ್ಯಾಹ್ನ ಜೀಪಣ್ಣ ಬಂದಾಗ ಕೇಳಿದೆ. ಅವರು ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದರು. ಸಣ್ಣ ಬಿಳಿ ಮಾತ್ರೆಗಳು. ಆರು ವರ್ಷದಿಂದ ದಿನಾ ತಿನ್ನುತ್ತಿದ್ದರಂತೆ, ದಮ್ಮಿಗೆ. ಯಾವುದೋ ಅಂಗಡಿಯಲ್ಲಿ ಒಮ್ಮೆ ಕೊಟ್ಟದ್ದು, ಹಿಡಿಸಿತು, ಬಿಡಲಿಲ್ಲ. ಪರೀಕ್ಷೆಯ ದಿನ ಉಸಿರು ಎಳೆಯುವುದು ಕಂಡರೆ ಕಂಟ್ರೋಲ್ ಕೆಲಸ ಹೋದೀತೆಂದು ಎರಡು ಹೆಚ್ಚೇ ತಿಂದು ಬಂದಿದ್ದರು. ನನಗೆ ಎಲ್ಲ ಒಮ್ಮೆಲೇ ಹೊಳೆಯಿತು. ಅದು ಸ್ಟೀರಾಯ್ಡು, ಬಿಳಿ ಕಣಗಳನ್ನು ಮಂಕು ಮಾಡುವ ಮಾತ್ರೆ. ಆ ಗುಂಡು ಕೆನ್ನೆಯೂ ಅದರದ್ದೇ. ಲ್ಯಾಬಿನಲ್ಲಿ ಕೂತು ಊರಿನವರ ರೋಗ ಹೇಳುವ ನಾನು ಆ ಬಾವನ್ನು ಆರೋಗ್ಯ ಎಂದು ಕೈ ತೋರಿಸಿದ್ದೆ.

ನನ್ನ ಮೇಲೆ ಬರಬೇಕಾದ ಸಿಟ್ಟು ಅವರ ಮೇಲೆ ಹೋಯಿತು. ಇಡೀ ಒಂದು ದಿನ ನಾನು ಪಟ್ಟ ಪಾಡು, ಒಂದು ಪಾಲು ಪ್ರೋಟೀನು, ಮಗುವಿನ ಕೈಯ ಹುಣ್ಣು, ಎಲ್ಲ ಸೇರಿ ಬಾಯಿಗೆ ಬಂತು.

“ಮುಂದಿನ ವಾರ ಬರುವುದಾದರೆ ಇದರಲ್ಲಿ ಒಂದೂ ಮುಟ್ಟದೆ ಬನ್ನಿ. ಇಲ್ಲದಿದ್ದರೆ ಬರುವುದೇ ಬೇಡ.”

ಅವರು ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಆ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು, ಬಿಟ್ಟರೆ ಜೀವಕ್ಕೇ ಅಪಾಯ, ಮೆಲ್ಲ ಮೆಲ್ಲ ಇಳಿಸಬೇಕು ಎಂದು ಡಾಕ್ಟರ್ ಬಾಯಿ ರೋಗಿಗಳಿಗೆ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಆ ಹೊತ್ತಿಗೆ ತಲೆಗೆ ಬರಲಿಲ್ಲ. ಮತ್ತೆ ಫೋನೂ ಮಾಡಲಿಲ್ಲ, ಡಾಕ್ಟರ್ ಬಾಯಿ ಗುರುವಾರ ಹೇಗೂ ಬರುತ್ತಾರಲ್ಲ, ಆಗ ಹೇಳಿದರಾಯಿತು ಎಂದುಕೊಂಡೆ. ಜೀಪಣ್ಣನ ರಕ್ತ ಬೇಕಾಗಿರಲೇ ಇಲ್ಲ, ನನ್ನದೇ ಸಾಕಿತ್ತು. ಅದನ್ನೂ ನಾನು ಅವರಿಗೆ ಹೇಳಿರಲಿಲ್ಲ…

ಆ ವಾರ ಜೀಪಿನ ಕೂಗು ಕಡಿಮೆಯಾದದ್ದು ನನ್ನ ಗಮನಕ್ಕೆ ಬಂದಿತ್ತೇ? ಬಂದಿತ್ತೆಂದು ಈಗ ಅನಿಸುತ್ತದೆ. ಮಂಗಳವಾರ ಒಮ್ಮೆ ಅವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತದ್ದು ಕಂಡಿದ್ದೆ. ಊಟದ ನಂತರದ ತೂಕಡಿಕೆ ಎಂದು ಒಳಗೆ ಬಂದೆ.

ಗುರುವಾರ ಮಗುವನ್ನೂ ತಾಯಿಯನ್ನೂ ಅವರೇ ಕರೆತಂದರು. ಜೀಪು ಗೇಟಿಗೆ ತಾಗಿ ನಿಂತಿತು. ಹಿಂದೆಂದೂ ಅವರ ಗಾಡಿ ಎಲ್ಲಿಗೂ ತಾಗಿದ್ದಿಲ್ಲ. ಒಳಗೆ ಬಂದು ಬೆಂಚಿನಲ್ಲಿ ಕೂತರು. ಮುಖ ಬೂದಿ ಬಣ್ಣ, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಎರಡು ದಿನದಿಂದ ವಾಂತಿ, ಸ್ವಲ್ಪ ಜ್ವರ, ಬೇರೆ ಎಂತದೂ ಇಲ್ಲ ಎಂದರು. ಡಾಕ್ಟರ್ ಬಾಯಿಯ ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಮಗುವಿನ ರಕ್ತ ತೆಗೆದೆ. ತಿರುಗಿದರೆ ಜೀಪಣ್ಣ ಅಂಗಿಯ ತೋಳು ಮಡಚಿ ಕೈ ಚಾಚಿಯೇ ಇದ್ದರು.

“ಆರು ದಿನ ಆಯ್ತು ಮಾರಾಯ್ರೆ. ಒಂದೂ ಮುಟ್ಟಲಿಲ್ಲ. ಈಗ ತೆಗೀರಿ.”

ನಾನು ಸೂಜಿ ಎತ್ತಿಕೊಂಡೆ. ನರ ಸಿಗಲೇ ಇಲ್ಲ, ಮೂರನೆಯ ಸಲಕ್ಕೆ ಸಿಕ್ಕಿತು. ಸೂಜಿ ಎಳೆಯುವಾಗ ಅವರ ಕೈ ತಣ್ಣಗಿತ್ತು. ನಾಡಿ ಹಿಡಿದೆ, ಬೆರಳಿಗೆ ಸರಿಯಾಗಿ ಸಿಗಲಿಲ್ಲ. ಅಷ್ಟರಲ್ಲಿ ಡಾಕ್ಟರ್ ಬಾಯಿ ಬಾಗಿಲಿಗೆ ಬಂದರು. ಒಂದು ನೋಟ ನೋಡಿದರು, ಮೇಜಿನ ಮೇಲಿದ್ದ ಪೊಟ್ಟಣ ನೋಡಿದರು, ಯಾವಾಗ ಬಿಟ್ಟರೆಂದು ಕೇಳಿದರು. ನಾನು ಹೇಳಿದೆ. ಅವರು ಕಪಾಟು ತೆರೆದು ಇಂಜೆಕ್ಷನ್ ಹುಡುಕಿ ಚುಚ್ಚಿದರು, ಗ್ಲೂಕೋಸ್ ಬಾಟ್ಲಿ ಏರಿಸಿದರು. ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರು ಅವರದ್ದೇ ಜೀಪನ್ನು ಸ್ಟಾರ್ಟ್ ಮಾಡಿದ. ಹಿಂದಿನ ಸೀಟಿನಲ್ಲಿ ಮಲಗಿಸಿ, ಡಾಕ್ಟರ್ ಬಾಯಿ ಬಾಟ್ಲಿ ಎತ್ತಿ ಹಿಡಿದು ಕೂತರು. ನಾನು ಹತ್ತಲು ಹೋದೆ.

“ಮಗುವಿನ ರಕ್ತ ತೆಗ್ದಾಗಿದೆ. ನೀನು ಪರೀಕ್ಷೆ ಮಾಡು,” ಎಂದರು.

ಮಾಡಿದೆ. ಕೊನೆಯ ಪಾಲು ಅದು, ಇನ್ನೊಂದು ಸಲ ಇರಲಿಲ್ಲ. ಮಗುವಿನದ್ದು, ನನ್ನದು, ಅವರದ್ದು. ಅವರದ್ದನ್ನು ಯಾಕೆ ಹಾಕಿದೆನೋ… ಚೆಲ್ಲಲು ಕೈ ಬರಲಿಲ್ಲ. ನೀರಿನ ಪಾತ್ರೆಯ ಎದುರು ಕೂತು ಥರ್ಮಾಮೀಟರು ನೋಡುತ್ತಾ, ಈಗ ಎಲ್ಲಿಗೆ ತಲುಪಿರಬಹುದು, ಈಗ ಎಲ್ಲಿಗೆ, ಎಂದು ರಸ್ತೆಯ ಒಂದೊಂದು ತಿರುವನ್ನೂ ಎಣಿಸಿದೆ. ಹೊರಗೆ ಮಗು ಜೀಪಣ್ಣ ಎಲ್ಲಿ ಎಂದು ತಾಯಿಯನ್ನು ಕೇಳುತ್ತಿತ್ತು. ಒಂದು ಗಂಟೆಯ ಮೇಲೆ ಹಾಳೆಗಳನ್ನು ತೆಗೆದು ಬಣ್ಣ ಹಾಕಿದೆ. ಮಗುವಿನ ಹಾಳೆ ಖಾಲಿ. ನನ್ನದು ತುಂಬಿತ್ತು. ಜೀಪಣ್ಣನ ಹಾಳೆಯಲ್ಲಿ ಕಣಗಳು ನನ್ನದಕ್ಕಿಂತಲೂ ಹೆಚ್ಚು ದಾಟಿದ್ದವು.

ದೊಡ್ಡಾಸ್ಪತ್ರೆಯ ದಾರಿಯಲ್ಲಿ, ಚೆರ್ಕಳ ದಾಟುವ ಮೊದಲೇ ಜೀಪಣ್ಣನ ಜೀವ ಹೋಗಿತ್ತು ಎಂದು ಆಮೇಲೆ ತಿಳಿಯಿತು. ಹೊತ್ತು ಲೆಕ್ಕ ಹಾಕಿದರೆ, ಆ ಕಣಗಳು ಹಾಳೆ ದಾಟುತ್ತಿದ್ದ ಸಮಯವೇ.

ಆ ಪರೀಕ್ಷೆಯ ಕಾಗದದಿಂದ ಮಗುವಿಗೆ ದೂರದ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಅದರ ಸ್ವಂತ ಅಣ್ಣನ ಅಸ್ಥಿಮಜ್ಜೆ ಹೊಂದಿತು. ಮಗು ಉಳಿಯಿತು. ಕಾಗದದಲ್ಲಿ ಮಗುವಿನ ಹೆಸರಿನ ಕೆಳಗೆ ‘ಕಂಟ್ರೋಲ್ ಒಂದು, ಕಂಟ್ರೋಲ್ ಎರಡು’ ಎಂದಷ್ಟೇ ಬರೆದಿದ್ದೆ. ಕಂಟ್ರೋಲಿಗೆ ಹೆಸರು ಬರೆಯುವ ಕ್ರಮ ಇಲ್ಲ. ಡಾಕ್ಟರ್ ಬಾಯಿ ನನ್ನನ್ನು ಕೊನೆಯವರೆಗೂ ಒಂದು ಮಾತು ಅನ್ನಲಿಲ್ಲ, ಆದರೆ ಮತ್ತೆ ಯಾವತ್ತೂ ನನ್ನ ಹತ್ತಿರ ತಮಾಷೆಯಾಗಿ ಮಾತಾಡಲೂ ಇಲ್ಲ. ಅವರೂ ಈಗ ಇಲ್ಲ.

ಹನ್ನೊಂದನೆಯ ದಿನ ಜೀಪಣ್ಣನ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನ್ನನ್ನು ಗುರುತು ಹಿಡಿದು ಒಳಗೆ ಕರೆದರು. ಅವರಿಗೆ ಗೊತ್ತಿದ್ದದ್ದು ಜ್ವರ ಬಂದು ಹೋದರು ಎಂದು. ಆ ವಾರವೆಲ್ಲ ಗಂಡ ಊಟ ಸೇರದೆ, ಮನೆಗೆ ಬಂದ ಕೂಡಲೇ ಮಲಗುತ್ತಿದ್ದರೂ ಗುರುವಾರ ಮಾತ್ರ ಹೋಗಲೇಬೇಕೆಂದು ಹಟ ಹಿಡಿದದ್ದನ್ನು ಹೇಳಿದರು. ಆಮೇಲೆ ಕೇಳಿದರು, “ಅವರ ರಕ್ತ ಒಳ್ಳೇದಿತ್ತಾ?”

“ಒಳ್ಳೇದಿತ್ತು ಅಕ್ಕ. ನಮ್ಮೆಲ್ಲರದ್ದಕ್ಕಿಂತ ಒಳ್ಳೇದಿತ್ತು,” ಎಂದೆ. ಅದು ಸುಳ್ಳಾಗಿರಲಿಲ್ಲ.

ಫ್ಲಾಸ್ಕ್ ಸಿಕ್ಕಿದ ಮರುದಿನ ಬಸ್ಸು ಹತ್ತಿ ಆ ಮನೆಗೆ ಮತ್ತೆ ಹೋದೆ. ಅಂದು ಹೇಳದೆ ಉಳಿದ ಮಾತನ್ನು ಹೇಳಿಬಿಡಬೇಕೆಂದೇ ಹೋದದ್ದು. ಅಕ್ಕನಿಗೆ ಈಗ ಕಣ್ಣು ಮಂದ, ಸ್ವರದಿಂದ ನನ್ನನ್ನು ಗುರುತು ಹಿಡಿದರು. ಸೊಸೆಯನ್ನು ಕರೆದು ಬೆಲ್ಲ ನೀರು ತರಲು ಹೇಳಿದರು. ಅವಳು ಬಂದಾಗ ಅಕ್ಕ ನನ್ನ ಕೈ ಹಿಡಿದುಕೊಂಡು, ನಿನ್ನ ಮಾವನ ರಕ್ತ ಎಲ್ಲರದ್ದಕ್ಕಿಂತ ಒಳ್ಳೇದಿತ್ತು ಎಂದು ಹೇಳಿದವರು ಇವರೇ ಎಂದರು. ಮನೆಗೆ ಬಂದ ಸೊಸೆಗೂ ಹುಟ್ಟಿದ ಮೊಮ್ಮಕ್ಕಳಿಗೂ ಇಷ್ಟು ವರ್ಷ ಅವರು ಹೇಳಿಕೊಂಡು ಬಂದದ್ದು ಅದನ್ನೇ. ನಾನು ನೀರು ಕುಡಿದು, ಲೋಟ ಕೆಳಗಿಟ್ಟು, ಸಂಜೆಯ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.